ಸೆಂಗಾಳಿಗೆ ಬೇಡವಾದ ಬಿಸಿಲು

ಪಕ್ಕದ ಮನೆಯ ಸೆಂಗಾ ಪ್ರತಿ ವಾರ ಮೊಬೈಲಿನ ಫೋಟೋ ಸ್ಪರ್ಧೆಗೆ ಒಂದು ಚಿತ್ರ ಹಾಕಿ, ಕೆಳಗೆ ನಮ್ಮ ಸ್ಕಾಟ್ಸ್ ಪದವೊಂದನ್ನು ಬರೆಯುತ್ತಾಳೆ. ಈ ವಾರದ ವಿಷಯ ‘ಡ್ರೀಖ್’. ಮೋಡ, ಮಳೆ, ಚಳಿ ಸೇರಿ ಜೀವ ಹಿಂಡುವ ದಿನಕ್ಕೆ ನಾವು ಹಾಗನ್ನುತ್ತೇವೆ. ಸ್ಕಾಟ್ಲೆಂಡಿನ ಕಡಲತೀರದ ನಮ್ಮೂರು ಆರ್ಬ್ರೋತಿನಲ್ಲಿ ಅದಕ್ಕೇನು ಬರವೇ? ಆದರೆ ವಾರವಿಡೀ ಸುಡುಬಿಸಿಲು!

ಊರೆಲ್ಲ ಐಸ್‌ಕ್ರೀಮ್ ನೆಕ್ಕುತ್ತಿದ್ದರೆ ಇವಳು ರೇನ್‌ಕೋಟು ತೊಟ್ಟು ಕಡಲ ದಂಡೆಯಲ್ಲಿ ಕಾದು ಕೂತಳು.

“ಮಗಳ ಮದುವೆ ದಿನ ಧೋ ಅಂತ ಸುರಿದ್ಯಲ್ಲ, ಈಗೇನು ರೋಗ ಬಂದಿದೆ ನಿಂಗೆ?” ಎಂದು ಆಕಾಶಕ್ಕೆ ಬೈದಳು.

“ಮನೆಗೆ ಬಾರೇ, ಜನ ನಗ್ತಿದಾರೆ,” ಎಂದ ಗಂಡ ವಾಟಿ.

“ನೀನು ಬಾಯ್ಮುಚ್ಚು!”

ನಾನು ತಡೆಯಲಾರದೆ ಅವಳ ಮುಖವನ್ನೇ ಕ್ಲಿಕ್ಕಿಸಿ, ಕೆಳಗೆ ‘ಡ್ರೀಖ್’ ಎಂದು ಬರೆದು ಸ್ಪರ್ಧೆಗೆ ಕಳಿಸಿದೆ. ನೋಡಿದವರ ಮೈ ನಡುಗಿತಂತೆ. ಮೊದಲ ಬಹುಮಾನ ಬಂತು. ನನಗೆ ಬೈಯಲೆಂದು ಅವಳು ಓಡಿ ಬರುವಷ್ಟರಲ್ಲಿ ಜಡಿಮಳೆ ಹಿಡಿಯಿತು. ರೇನ್‌ಕೋಟು ಮನೆಯಲ್ಲಿತ್ತು.