ಎಲಿಮೆಂಟಿನ ಸರದಿ ಕೊನೆಗೆ

ಧಾರವಾಡದ ಒಂದು ಆಸ್ಪತ್ರೆಗೆ ನಾನು ವೈರ್‌ಮನ್ ಆಗಿ ಸೇರಿದ್ದು ಅರವತ್ತರ ದಶಕದ ಆರಂಭದಲ್ಲಿ. ಅಲ್ಲಿಯ ಬಾಯ್ಲರು ಕರೆಂಟಿನದು, ಸಣ್ಣದು. ಆಪರೇಷನ್ ಕೋಣೆಯ ಬಟ್ಟೆ, ಹತ್ತಿ, ಪಟ್ಟಿಗಳನ್ನು ತುಂಬಿದ ಡ್ರಮ್ಮುಗಳಿಗೆ, ಕ್ರಿಮಿ ಸಾಯಲೆಂದು, ಹಬೆ ಕೊಡುವುದು ಅದರ ಕೆಲಸ. ಅದನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯನ್ನು ನಾನು ಅಣ್ಣಾರ ಎಂದು ಕರೆಯುತ್ತಿದ್ದೆ. ಅವರ ಹೆಂಡತಿ ನನಗೆ ವೈನಿ, ಅಂದರೆ ಅತ್ತಿಗೆ.

ಅಣ್ಣಾರಿಂದ ನಾನು ಕಲಿತದ್ದು ಕ್ರಮ. ಆಸ್ಪತ್ರೆಯಲ್ಲಿ ಒಂದೇ ಒಂದು ಮಲ್ಟಿಮೀಟರು ಇತ್ತು. ನಮ್ಮ ಬಾಯಲ್ಲಿ ಅದು ಬರೀ ಮೀಟರು. ಬಾಯ್ಲರು ನಿಂತಿತೆಂದರೆ ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ, ಮುಳ್ಳು ಸೊನ್ನೆಗೆ ಬರುತ್ತದೆಯೇ ನೋಡಬೇಕು. ಮೀಟರೇ ಕೆಟ್ಟಿದ್ದರೆ ಉಳಿದದ್ದೆಲ್ಲ ಸುಳ್ಳು. ಆಮೇಲೆ ಕರೆಂಟು ಬರುವ ಕಡೆಯಿಂದ ಹೊರಡಬೇಕು: ಫ್ಯೂಸು, ಸ್ವಿಚ್ಚು, ಶಾಖ ಮಿತಿ ಮೀರಿದರೆ ಕರೆಂಟು ತಡೆಯುವ ಥರ್ಮೋಸ್ಟಾಟು, ನೀರು ಇಳಿದರೆ ತಡೆಯುವ ತೇಲುಗುಂಡಿನ ಸ್ವಿಚ್ಚು. ನೀರು ಕಾಯಿಸುವ ಎಲಿಮೆಂಟಿನ ಸರದಿ ಕೊನೆಗೆ. ಒಂದರ ವೈರು ಬಿಚ್ಚಿ, ಅಳೆದು, ಮರಳಿ ಕಟ್ಟಿದ ಮೇಲೆಯೇ ಮುಂದಿನದು. ನನಗೆ ಈ ಕಟ್ಟುನಿಟ್ಟು ಹಿಡಿಸಿತ್ತು. ಈಗಲೂ ಹಿಡಿಸುತ್ತದೆ.

ವೈನಿಗೆ ಅದು ನಗೆಯ ವಿಷಯ. ಮಾಳಮಡ್ಡಿಯ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಒಮ್ಮೆ ಹೇಳಿದರು: “ನಿಮ್ಮ ಅಣ್ಣಾರು ಮೊದಲ ಉಪ್ಪು ನೋಡ್ತಾರ, ಆಮ್ಯಾಲ ಪಲ್ಯಾ, ಆಮ್ಯಾಲ ರೊಟ್ಟಿ. ಸಾರಿನ್ಯಾಗ ಆ ಕಡ್ಡಿ ಅದ್ದೂದೊಂದ ಉಳದೈತಿ ನೋಡ್ರಿ.”

ಅಣ್ಣಾರು ತಲೆ ಎತ್ತದೆ, “ಸಾರು ಕೆಟ್ಟರ ಅದ್ದತೇನಿ,” ಎಂದರು.

ಒಂದು ಬೆಳಗ್ಗೆ ವೈನಿಯನ್ನು ಟಾಂಗಾದಲ್ಲಿ ಆಸ್ಪತ್ರೆಗೆ ತಂದರು. ಕರುಳು ತಿರುಚಿಕೊಂಡಿದೆ, ತಡಮಾಡದೆ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಸಿದ್ಧವಿದ್ದ ಡ್ರಮ್ಮುಗಳು ಆಗಷ್ಟೇ ಒಂದು ಕಷ್ಟದ ಹೆರಿಗೆಗೆ ಮುಗಿದಿದ್ದವು. ಹೊಸವನ್ನು ಹಬೆಗೆ ಇಟ್ಟಿದ್ದಾಗ, ಅರ್ಧದಲ್ಲಿ ಬಾಯ್ಲರು ತಣ್ಣಗಾಯಿತು. ಚಾಕು, ಕತ್ತರಿಗಳನ್ನು ಸ್ಟೋವಿನ ಮೇಲೆ ಕುದಿಸಬಹುದಿತ್ತು. ಬಟ್ಟೆಗೆ ಹಬೆಯೇ ಬೇಕು. ಡ್ರಮ್ಮು ತರಲು ಹುಬ್ಬಳ್ಳಿಗೆ ಮೋಟಾರು ಕಳಿಸಿದರು.

ಬಾಯ್ಲರನ್ನು ನಾನು ನೋಡುತ್ತೇನೆ, ನೀವು ವೈನಿಯ ಹತ್ತಿರ ಇರಿ ಎಂದೆ. ಅಣ್ಣಾರು ಹಾಸಿಗೆಯ ಪಕ್ಕದಲ್ಲಿ ಹೋಗಲೋ ಬೇಡವೋ ಎನ್ನುವಂತೆ ನಿಂತಿದ್ದರು. ವೈನಿಯೇ ಹಲ್ಲು ಕಚ್ಚಿಕೊಂಡು, “ಹೋಗ್ರಿ. ನಾ ಎಲ್ಲಿ ಓಡಿ ಹೋಗತೇನಿ?” ಎಂದರು.

ಬಾಯ್ಲರಿನ ಕೋಣೆಯಲ್ಲಿ ಅಣ್ಣಾರು ಕಡ್ಡಿಗಳನ್ನು ತಾಗಿಸಿದರು. ಮುಳ್ಳು ಸೊನ್ನೆಗೆ ಬಂತು. ನಮ್ಮ ನೀರು ಗಡಸು. ಸುಣ್ಣ ಕಟ್ಟಿ ಹಿಂದೊಮ್ಮೆ ಎಲಿಮೆಂಟು ಸುಟ್ಟದ್ದು ನನಗೆ ನೆನಪಿತ್ತು.

“ಅಣ್ಣಾರ, ಸೀದಾ ಎಲಿಮೆಂಟ್ ನೋಡೂಣ್ರಿ.”

“ಕ್ರಮಾ ಬಿಟ್ರ ಕೈ ತಪ್ಪತಾವು,” ಎಂದರು. “ಇವತ್ತಂತೂ ತಪ್ಪಬಾರದು.”

ಫ್ಯೂಸು ಸರಿಯಿತ್ತು. ಸ್ವಿಚ್ಚು ಸರಿಯಿತ್ತು. ಥರ್ಮೋಸ್ಟಾಟಿನಲ್ಲೂ ದೋಷವಿಲ್ಲ. ತೇಲುಗುಂಡಿನ ಸ್ವಿಚ್ಚಿನ ತಿರುಪು ತುಕ್ಕು ಹಿಡಿದು ಅಲುಗಲಿಲ್ಲ. ಸೀಮೆಎಣ್ಣೆ ಬಿಟ್ಟು ಕಾಯಬೇಕಾಯಿತು. ಸಿಸ್ಟರ್ ಬಂದು ಎಷ್ಟು ಹೊತ್ತೆಂದು ಕೇಳಿ ಹೋದರು. ಎರಡನೆಯ ಸಲ ಬಂದಾಗ ಬಾಗಿಲಲ್ಲೇ ನಿಂತರು. ವರಾಂಡದ ಆಚೆಯಿಂದ ವೈನಿಯ ನರಳಾಟ ಕೇಳುತ್ತಿತ್ತು, ಆಮೇಲೆ ಕೇಳಲಿಲ್ಲ. ತಿರುಪು ಸಡಿಲಾದ ಮೇಲೆ ಅಣ್ಣಾರು ಆ ಸ್ವಿಚ್ಚನ್ನು ಅಳೆದು, ಮರಳಿ ಕಟ್ಟಿ, ಕೊನೆಗೆ ಎಲಿಮೆಂಟಿಗೆ ಕಡ್ಡಿ ಹಚ್ಚಿದರು. ಮುಳ್ಳು ಇದ್ದಲ್ಲಿಂದ ಏಳಲಿಲ್ಲ. ಒಳಗಿನ ತಂತಿ ಹರಿದಿತ್ತು.

ನೀರು ಹೊರಗೆ ಬಿಟ್ಟು, ಬೇರೆ ಎಲಿಮೆಂಟು ಕೂಡಿಸಿದೆವು. ಹುಬ್ಬಳ್ಳಿಗೆ ಹೋದ ಮೋಟಾರು ಬರುವ ಮೊದಲೇ ಹಬೆ ಏರಿತು. ಆಪರೇಷನ್ ಆಯಿತು. ವೈನಿ ಮರುದಿನ ಮಧ್ಯಾಹ್ನ ತೀರಿಕೊಂಡರು.

ಕರುಳು ಆಸ್ಪತ್ರೆಗೆ ಬರುವ ಮೊದಲೇ ಕಪ್ಪಾಗಿತ್ತು, ತಡವಾದದ್ದರಿಂದ ಏನೂ ಆಗಿಲ್ಲ ಎಂದು ಡಾಕ್ಟರು ಅಣ್ಣಾರ ಹೆಗಲ ಮೇಲೆ ಕೈಯಿಟ್ಟು ಹೇಳಿದರು. ಅಣ್ಣಾರು ಕೈಮುಗಿದರು. ಸೂತಕ ಕಳೆದ ಮೇಲೆ ಎಂದಿನಂತೆ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬಂದರು.

ಮಳೆಗಾಲದಲ್ಲಿ ಬಾಯ್ಲರು ಮತ್ತೆ ನಿಂತಿತು. ಅಣ್ಣಾರು ಬಂದವರೇ, ಕಡ್ಡಿಗಳನ್ನು ತಾಗಿಸಿಯೂ ನೋಡದೆ, ನೀರೆಲ್ಲ ಬಿಟ್ಟು ಎಲಿಮೆಂಟನ್ನೇ ಹೊರಗೆಳೆದರು. ಅದು ನೆಟ್ಟಗಿತ್ತು. ಹೋಗಿದ್ದದ್ದು ಫ್ಯೂಸು. ಅವರು ಒದ್ದೆ ನೆಲದ ಮೇಲೆ ಕೂತುಬಿಟ್ಟರು, ಎಲಿಮೆಂಟು ತೊಡೆಯ ಮೇಲೆ. ನಾನು ಫ್ಯೂಸಿಗೆ ಹೊಸ ತಂತಿ ಕಟ್ಟಿದೆ.

“ಆವತ್ತ ಇದನ್ನ ಮೊದಲ ನೋಡಿದ್ರ?” ಎಂದರು.

ಡಾಕ್ಟರು ಹೇಳಿದ್ದನ್ನು ನೆನಪಿಸಿದೆ.

“ಡಾಕ್ಟರನ್ನ ಕೇಳಾಕತ್ತಿಲ್ಲ. ನಿನ್ನ ಕೇಳಾಕತ್ತೇನಿ.”

ನಾನು ಅವರ ತೊಡೆಯ ಮೇಲಿಂದ ಎಲಿಮೆಂಟು ತೆಗೆದುಕೊಂಡು, ಅದರ ಜಾಗದಲ್ಲಿ ಕೂಡಿಸಿ, ಬಿಗಿದು, ನೀರು ತುಂಬಿದೆ.

ಅಂದಿನಿಂದ ಅಣ್ಣಾರು ಮೀಟರು ಮುಟ್ಟಲಿಲ್ಲ. ಬಾಯ್ಲರು ನಿಂತಾಗಲೆಲ್ಲ ಬಾಗಿಲಲ್ಲಿ ನಿಂತು ನನ್ನ ಕೈ ನೋಡುತ್ತಿದ್ದರು. ನಾನು ಫ್ಯೂಸಿನಿಂದಲೇ ಹೊರಡುತ್ತಿದ್ದೆ. ಎಲಿಮೆಂಟಿನ ಹತ್ತಿರ ಬರುವ ಹೊತ್ತಿಗೆ ಅವರು ಅಲ್ಲಿ ಇರುತ್ತಿರಲಿಲ್ಲ.