ಬೇರೆ ತಾಟು

ಅಜ್ಜನಿಗೆ ಟೀಬಿ ಆಗಿದ್ದ ವರ್ಷ ಮನೆಯವರು ಅವನ ತಾಟನ್ನು ಬೇರೆ ಇಟ್ಟರು. ಗುಳಿಗೆ ಮುಗಿದು, ಡಾಕ್ಟರು ಪೂರ್ತಿ ವಾಸಿಯಾಗಿದೆ ಎಂದ ಮೇಲೂ ಅವನ ಗಂಗಾಳಕ್ಕೆ ಯಾರೂ ಕೈ ಹಾಕಲಿಲ್ಲ. ನಮ್ಮಲ್ಲಿ ಕುರಿ ಕಾಯುವ ಗಂಡಸರು ಒಂದೇ ದೊಡ್ಡ ಗಂಗಾಳದ ಸುತ್ತ ಕುಳಿತು ಹಾಲು-ರೊಟ್ಟಿ ಉಣ್ಣುವುದು ರೂಢಿ. ಮೊದಲು ಹೋಗಿ ಅವನೆದುರು ಕುಳಿತವನು ನಾನು. 'ಊರ ಹೆದರಿದ್ರೂ ನನ್ನ ಮೊಮ್ಮಗ ಹೆದರ್ಲಿಲ್ಲ' ಎಂದು ಅವನು ಮೂಡಲಗಿ ಸಂತೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಕಳೆದ ಮಾಘದಲ್ಲಿ ನಾನು ದಿನಾ ಕಚೇರಿ ಕೆಲಸಕ್ಕೆ ಹೋಗುವ ಗೋಕಾಕದ ಒಂದು ಲಾಡ್ಜಿನಲ್ಲಿ, ಪರಿಚಯದ ಹೆಂಗಸೊಬ್ಬಳ ಜೊತೆ ಒಂದು ಮಧ್ಯಾಹ್ನ ಕಳೆದೆ. ಕಾಂಡೋಮ್ ಹಾಕಿದ್ದೆ, ಹರಿದಿರಲಿಲ್ಲ. ಆದರೂ ಮುಂದಿನ ವಾರ ಬಾಯಲ್ಲಿ ಹುಣ್ಣೊಂದು ಎದ್ದಾಗ ಎಚ್‌ಐವಿಯೇ ಇರಬೇಕು ಎಂದುಕೊಂಡೆ. ದಿನಚರಿಯಲ್ಲಿ ಪ್ರತಿದಿನ ಜ್ವರದ ಅಳತೆ ಬರೆಯತೊಡಗಿದೆ. ಜ್ವರ ಬರಲೇ ಇಲ್ಲ. ಹುಣ್ಣು ಕಂಡ ಸಂಜೆಯೇ ಸ್ಟೀಲಿನ ತಾಟು ತೆಗೆದುಕೊಂಡು ಗೋಡೆಗೆ ಸರಿದು ಕುಳಿತೆ.

'ಯಾಕೋ ಮಗನ, ಅಲ್ಲಿ ಕುಂತಿ?'

'ಬಾಯಾಗ ಹುಣ್ಣ ಆಗೈತಿ ಅಜ್ಜಾ.'

'ಗೋಕಾಕದಾಗ ಕುರ್ಚಿ ಮ್ಯಾಲ ಕುಂತ ಕುಂತ ಸಾಹೇಬ ಆಗ್ಯಾನ ಬಿಡ್ರಿ ಮಾವಾರ' ಎಂದು ಅವ್ವ ನಕ್ಕಳು. ಅಜ್ಜನೂ ನಕ್ಕ. ಹುಣ್ಣು ಬೇಗ ಮಾಯಿತು. ನಾನು ಗೋಡೆ ಬಿಟ್ಟು ಏಳಲಿಲ್ಲ.

ಗೋಕಾಕದ ದವಾಖಾನೆಯಲ್ಲಿ ಗುರುತಿನವರು ಸಿಕ್ಕಾರು ಎಂದು ಹುಕ್ಕೇರಿಗೆ ಬಸ್ಸು ಹತ್ತಿದೆ. ರಕ್ತ ತೆಗೆಯುವ ಮೊದಲು ಸಮಾಲೋಚಕಿ ಎಲ್ಲ ಕೇಳಿದರು.

'ಕಾಂಡೋಮ್ ಹರದಿಲ್ಲಂದ್ರ ಅಪಾಯ ಭಾಳ ಕಮ್ಮಿ ಐತ್ರಿ. ಈಗ ನೋಡೂಣು. ಮೂರು ತಿಂಗಳಾದ ಮ್ಯಾಲ ಇನ್ನೊಮ್ಮಿ ಬರ್ರಿ, ಆಗ ಪಕ್ಕಾ ಆಗತೈತಿ.'

'ಮನ್ಯಾಗ ಒಂದ ತಾಟಿನ್ಯಾಗ ಉಣ್ಣಬಹುದೇನ್ರಿ?'

ಅವರು ಪೆನ್ನು ಕೆಳಗಿಟ್ಟರು. 'ಉಣ್ರಿ. ಎಂಜಲದಿಂದ ಬರೂ ರೋಗಲ್ಲ ಇದು.'

ಅಂದಿನ ವರದಿ ಚೆನ್ನಾಗಿಯೇ ಬಂತು. ಆದರೆ 'ಪಕ್ಕಾ' ಎಂಬ ಮಾತು ಮೂರು ತಿಂಗಳ ಆಚೆ ಇತ್ತು. ಅಜ್ಜನ ಪುಪ್ಪುಸ ಮೊದಲೇ ಸೋತದ್ದು. ನನ್ನಿಂದ ಅವನಿಗೆ ಏನಾದರೂ ತಗುಲಿದರೆ ಎಂಬ ಭಯಕ್ಕೆ ಅವರ ಮಾತು ಸಾಲಲಿಲ್ಲ. ನಾನು ಗೋಡೆಯ ಬಳಿಯೇ ಉಂಡೆ. ಒಂದು ದಿನ ಅಜ್ಜ ಕರೆಯುವುದನ್ನು ನಿಲ್ಲಿಸಿದ. ಆಮೇಲೆ ಅಂಗಳದ ಬೇವಿನ ಕೆಳಗೆ ಒಬ್ಬನೇ ಉಣ್ಣತೊಡಗಿದ. ಸೆಕೆ ಎಂದು ಅವ್ವನಿಗೆ ಹೇಳಿದನಂತೆ. ಬಿಸಿಲುಗಾಲವಾದ್ದರಿಂದ ನಾನೂ ನಂಬಿದೆ.

ಎರಡನೆಯ ವರದಿಯಲ್ಲೂ ಏನೂ ಇರಲಿಲ್ಲ. ಹುಕ್ಕೇರಿಯ ಬಸ್ ನಿಲ್ದಾಣದಲ್ಲಿ ಅದನ್ನು ಚೂರುಚೂರು ಹರಿದು ಎಸೆದು, ಸಂಜೆಗೆ ಮನೆ ಸೇರಿ, ನೇರ ಬೇವಿನ ಕೆಳಗೆ ಹೋಗಿ ಕುಳಿತೆ. ಅಜ್ಜನ ಮುಂದೆ ಸ್ಟೀಲಿನ ತಾಟಿತ್ತು.

'ಗಂಗಾಳ ಎಲ್ಲೈತಿ ಅಜ್ಜಾ?'

'ಮರಿಗೆ ಹಿಂಡಿ ಇಡಾಕ ಬೇಕಾತು.'

ಕುರಿದಡ್ಡಿಯ ಮೂಲೆಯಲ್ಲಿ ಅದು ಕಂಡಿತು. ಅಂಚಿಗೆ ಹಿಂಡಿ ಒಣಗಿ ಹತ್ತಿತ್ತು. ನಾನು ಅವನ ತಾಟಿಗೇ ಕೈ ಚಾಚಿದೆ. ಅಜ್ಜ ತಾಟು ಎತ್ತಿ ತೊಡೆಯ ಮೇಲಿಟ್ಟುಕೊಂಡ.

'ಬ್ಯಾಡೋ ಮಗನ. ಕೆಮ್ಮ ಮತ್ತ ಸುರು ಆದಂಗೈತಿ. ನಿನಗ್ಯಾಕ ಬೇಕು?'

ಕೋಪವಿರಲಿಲ್ಲ. ನನಗೊಂದು ನೆಪ ಕೊಡುವವನ ಹಾಗೆ, ಮೆತ್ತಗೆ ಹೇಳಿದ.

ನಾನು ಮಲಗುವುದು ಅವನ ಬಾಜೂ ಹಾಸಿಗೆಯಲ್ಲಿ. ಆ ಮೂರು ತಿಂಗಳಲ್ಲಿ ಅವನು ಒಮ್ಮೆಯೂ ಕೆಮ್ಮಿರಲಿಲ್ಲ.