ಬಾಯಿ ಬೆಸೆದ ಗಿಂಡಿ

ಅಪ್ಪನಿಗೆ ದೇವರ ಮೇಲೆ ಸಿಟ್ಟಿರಲಿಲ್ಲ. ಮೋಕ್ಷ ಎಂಬ ಮಾತಿನ ಮೇಲೆ ಮಾತ್ರ ಭಾರೀ ಅನುಮಾನವಿತ್ತು. ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದು, ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಬೆಸುಗೆ ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತನಾದ ಮನುಷ್ಯ. ಯಾವುದನ್ನೂ ಬೆಳಕಿಗೆ ಹಿಡಿದು ನೋಡದೆ ಸರಿ ಎಂದವನಲ್ಲ. ಉಪ್ಪಲ್‌ನ ನಮ್ಮ ಮನೆಗೆ ಪೂಜೆಗೆ ಬರುತ್ತಿದ್ದ ಭಟ್ಟರನ್ನು ಊಟಕ್ಕೆ ಕೂಡಿಸಿ, ಸಾರು ಬಡಿಸುವ ಹೊತ್ತಿಗೆ ಕೇಳಿಯೇಬಿಡುತ್ತಿದ್ದ: "ಮೋಕ್ಷಕ್ಕ ಹೋದವ್ರು ಒಬ್ರರೆ ಹೊಳ್ಳಿ ಬಂದು ಹೇಳ್ಯಾರೇನ್ರಿ, ಅಲ್ಲಿ ಛಲೋ ಐತಿ ಅಂತ?" ಭಟ್ಟರು ಅನ್ನ ಕಲಸುತ್ತ, "ಹೊಳ್ಳಿ ಬರದಂಗ ಆಗೂದಕ್ಕ ಮೋಕ್ಷ ಅಂತಾರ್ರಿ" ಎನ್ನುತ್ತಿದ್ದರು. ಅವ್ವ ಅಡುಗೆಮನೆಯಲ್ಲೇ ಹಲ್ಲು ಕಡಿಯುತ್ತಿದ್ದಳು. ನಾನು ಅಪ್ಪನ ಮಗಳು. ಆ ಪ್ರಶ್ನೆ ನನಗೆ ಇಂದಿಗೂ ಸರಿಯಾಗಿಯೇ ಕಾಣುತ್ತದೆ.

ಅವ್ವ ಕಾಲೊನಿಯ ಕನ್ನಡದವರ ಜೊತೆ ಕಾಶಿಗೆ ಹೋದಾಗ, ಬಾಯಿ ಬೆಸೆದ ಪುಟ್ಟ ತಾಮ್ರದ ಗಿಂಡಿಯೊಂದನ್ನು ತಂದಿದ್ದಳು. ಒಳಗೆ ಗಂಗೆ. ನಮ್ಮವರ ಬಹಳ ಮನೆಗಳಲ್ಲಿ ದೇವರ ಜಗುಲಿಯ ಮೇಲೆ ಅದು ಇದ್ದೇ ಇರುತ್ತದೆ. ದಿನವೂ ಕುಂಕುಮ ಹಚ್ಚುತ್ತಾರೆ, ಆದರೆ ಬಾಯಿ ಒಡೆಯುವುದು ಮನೆಯಲ್ಲಿ ಯಾರಾದರೂ ಸಾಯುವಾಗ. ಆ ಗುಟುಕು ಗಂಟಲಿಗೆ ಇಳಿದರೆ ಪಾಪವೆಲ್ಲ ತೊಳೆದುಹೋಯಿತಂತೆ. ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಬೆಸುಗಿ ಸರಿ ಬಿದ್ದಿಲ್ಲ. ನಮ್ಮ ಕಾರ್ಖಾನ್ಯಾಗ ಆಗಿದ್ರ ಹೊಳ್ಳಿ ಕಳಸ್ತಿದ್ದೆ."

"ಗಂಗವ್ವನಾಗೂ ತಪ್ಪು ಹುಡುಕ್ತೀರಲ್ರಿ" ಎಂದು ಅವ್ವ ಕಸಿದುಕೊಂಡು ಜಗುಲಿಯ ಮೇಲಿಟ್ಟಳು. ಆಮೇಲೆ ಅದನ್ನು ಯಾರೂ ಅಲುಗಾಡಿಸಲಿಲ್ಲ.

ವರ್ಷಗಳು ಕಳೆದು ಅಪ್ಪನ ಶ್ವಾಸಕೋಶ ಕೈಕೊಟ್ಟಿತು. ದವಾಖಾನೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಅವ್ವ ತರಕಾರಿಗೆ ಹೋಗಿದ್ದಾಗ ಅಪ್ಪ ನನ್ನ ಕೈ ಹಿಡಿದುಕೊಂಡ. "ಒಂದು ಮಾತು ಕೊಡು. ಕಡೀಕ ನನ್ನ ಬಾಯಾಗ ಆ ಗಿಂಡಿ ನೀರು ಹಾಕಾಕ ಬಿಡಬ್ಯಾಡ. ಜೀವನಪೂರ್ತಿ ಇಲ್ಲ ಅಂದಾವ, ಸಾಯೂ ಮುಂದ ಹೆದರಿ ಹೂಂ ಅಂದ ಅನ್ನಿಸ್ಕೊಳ್ಳೂದು ಬ್ಯಾಡ. ಚಹಾ ಹಾಕು, ಸಾಕು."

ಮಾತು ಕೊಟ್ಟೆ. ಅವ್ವನಿಗೂ ಹೇಳಿದೆ, ಕದ್ದು ಮಾಡುವ ಕೆಲಸವಲ್ಲ ಅದು.

"ಅಪ್ಪ ಮಗಳು ಕೂಡಿ ಆ ಜೀವಾನ ಎಲ್ಲಿಗೆ ಕಳಸಾಕತ್ತೀರಿ?" ಎಂದು ಅವ್ವ ಅತ್ತಳು. ಅವಳ ಭಯ ನಾಟಕವಲ್ಲ. ಗಂಡ ಎಲ್ಲೋ ಕತ್ತಲಲ್ಲಿ ಬಾಯಾರಿ ಅಲೆಯುತ್ತಾನೆಂದು ನಿಜಕ್ಕೂ ನಂಬಿದ್ದಳು. ನನಗೆ ಹೊಟ್ಟೆ ಉರಿದದ್ದು ಅದಕ್ಕೇ. ಇಂಥ ಒಳ್ಳೆಯ ಹೆಂಗಸಿನ ತಲೆಯಲ್ಲಿ ಈ ಹೆದರಿಕೆ ತುಂಬಿದವರು ಯಾರು?

ಅಮೀರ್‌ಪೇಟ್‌ನಲ್ಲಿ ನಾನು ಪಾಠ ಮಾಡುವ ಕೋಚಿಂಗ್ ಸೆಂಟರಿನ ಸುತ್ತ ಗೋಡೆ ತುಂಬ ಬೋರ್ಡು: ಸೇರಿದರೆ ಕೆಲಸ ಗ್ಯಾರಂಟಿ. ಕೆಲಸ ಸಿಗದ ಹುಡುಗರು ಬಂದು ಜಗಳವನ್ನಾದರೂ ಆಡುತ್ತಾರೆ. ಮೋಕ್ಷದ ಗ್ಯಾರಂಟಿ ಕೊಟ್ಟವರ ಕಾಲರ್ ಹಿಡಿಯಲು ಯಾರು ವಾಪಸ್ ಬರಬೇಕು? ಊರವರ ಮನೆ ಮುರಿದವನು ಒಂದು ಗುಟುಕಿಗೆ ಪಾರಾಗುವುದಾದರೆ, ಕೆಟ್ಟ ಬೆಸುಗೆಗೆ ಸಹಿ ಹಾಕದೆ ಮೇಲಿನವರಿಂದ ಬೈಸಿಕೊಂಡ ನಮ್ಮಪ್ಪನೇನು ಮಂಕನೇ? ನಂಬಿದವರನ್ನಷ್ಟೇ ಒಳಗೆ ಬಿಡುವ ದೇವರಾದರೆ, ಆ ಬಾಗಿಲಲ್ಲಿ ನಾನಂತೂ ಕೈಮುಗಿದು ನಿಲ್ಲುವುದಿಲ್ಲ. ಹೊರಗೇ ಇರುತ್ತೇನೆ, ಅಪ್ಪನ ಜೊತೆ.

ಒಂದು ಭಾನುವಾರ ಬೆಳಿಗ್ಗೆ ಅಪ್ಪನ ಉಸಿರು ಸಣ್ಣದಾಯಿತು. ಕಲಬುರಗಿಯಿಂದ ಬಂದಿದ್ದ ಅಪ್ಪನ ತಂಗಿ, ನನ್ನ ಸೋದರತ್ತೆ, ಗಿಂಡಿಯನ್ನು ಕೈಗೆತ್ತಿಕೊಂಡಳು. ನಾನು ಮಂಚಕ್ಕೆ ಅಡ್ಡ ನಿಂತೆ.

"ಅಪ್ಪ ಬ್ಯಾಡ ಅಂದಾನ ಅತ್ತಿ."

"ಸಾಯೋವ್ರ ಮಾತು ಕೇಳ್ಕೋತ ಕುಂದ್ರಾಕ ಆಗ್ತದೇನು? ಸರಿ ಆಕಡೆ."

ಚಾಕುವಿನ ತುದಿಯಿಂದ ಬೆಸುಗೆ ಕಿತ್ತು, ಚಮಚದ ಮೇಲೆ ಗಿಂಡಿ ಬಗ್ಗಿಸಿದಳು. ಏನೂ ಬೀಳಲಿಲ್ಲ. ತಲೆಕೆಳಗೆ ಮಾಡಿ ಕುಟ್ಟಿದಳು. ಒಂದು ಹನಿ ಇಲ್ಲ. ಒಳಗೆ ಬರೀ ಬಿಳಿ ಕಲೆ. ಬೆಸುಗೆಯ ಸಂದಿಯಿಂದ ಗಂಗೆ ಯಾವಾಗಲೋ ಆರಿಹೋಗಿತ್ತು, ಅವ್ವ ಇಷ್ಟು ವರ್ಷ ಖಾಲಿ ಗಿಂಡಿಗೆ ಕುಂಕುಮ ಹಚ್ಚಿದ್ದಳು. ಅಪ್ಪ ಕಣ್ಣು ತೆರೆದು ಗಿಂಡಿ ನೋಡಿದ, ಅವ್ವನನ್ನು ನೋಡಿದ. "ಹೇಳಿದ್ದೆ" ಎಂದ.

ಅತ್ತೆ ಕೆಳಗಿನ ಮನೆಗೆ ಓಡಿದಳು. ಅವರೂ ಅದೇ ಕಾಶಿಯಾತ್ರೆಗೆ ಹೋದವರು, ಅವರಲ್ಲೂ ಒಂದು ಗಿಂಡಿಯಿತ್ತು. ಬರಿಗೈಯಲ್ಲಿ ವಾಪಸ್ ಬಂದಳು. "ಅವ್ರ ಅತ್ತೀಗಂತ ಇಟ್ಟಾರಂತ. ಕೊಟ್ರ ಆಕಿ ಗತಿ ಏನು ಅಂತಾರ."

ನನಗೆ ಸಿಟ್ಟು ನೆತ್ತಿಗೇರಿತು. "ಸಾಯೋ ಮನಷ್ಯಾಗ ಒಂದು ಹನಿ ಕೊಡದಂಗ ಮಾಡೂ ಮೋಕ್ಷ ಯಾರಿಗೆ ಬೇಕಾಗೇತಿ ಅತ್ತಿ? ಅವ್ರೇ ಇಟ್ಕೊಳ್ಳಿ" ಎಂದೆ. ಅವ್ವ ಕುಸಿಯುತ್ತಾಳೆ ಎಂದುಕೊಂಡು ಅವಳ ಕಡೆ ತಿರುಗಿದರೆ, ಅವಳಾಗಲೇ ಎದ್ದು ಅಡುಗೆಮನೆಗೆ ಹೋಗಿದ್ದಳು.

ಶುಂಠಿ ಕುಟ್ಟುವ ಸದ್ದು ಕೇಳಿಸಿತು. ಆಮೇಲೆ ಮೇಲಿನ ಕಪಾಟಿನ ಬಾಗಿಲು. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದಾಗಿನಿಂದ ಅವ್ವ ಸಕ್ಕರೆ ಡಬ್ಬಿಯನ್ನು ಅಲ್ಲಿ ಅಡಗಿಸಿಟ್ಟಿದ್ದಳು. ಅದೊಂದು ವಿಷಯದಲ್ಲಿ ಅಪ್ಪನ ಯಾವ ವಾದವೂ ಅವಳ ಮುಂದೆ ನಡೆಯುತ್ತಿರಲಿಲ್ಲ. ಬಸಿಯಲ್ಲಿ ಚಹಾ ಆರಿಸುತ್ತ ಬಂದು ಮಂಚದ ಅಂಚಿಗೆ ಕೂತು, ತಾನೇ ಚಮಚ ಹಿಡಿದಳು.

"ಸಕ್ರಿ ಹಾಕೀನ್ರಿ. ಕುಡೀರಿ."

ಅಪ್ಪ ನುಂಗಿದ. ತುಟಿ ಸವರಿಕೊಂಡು ಇನ್ನೊಂದು ಚಮಚಕ್ಕೆ ಬಾಯಿ ತೆರೆದ. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟ. ನಾನು ಮನಸಾರೆ ಅತ್ತುಬಿಟ್ಟೆ. ಆದರೆ ಅಪ್ಪ ಎಲ್ಲಿಗೆ ಹೋದನೋ ಎಂಬ ಹೆದರಿಕೆ ಒಂದು ಕ್ಷಣವೂ ಆಗಲಿಲ್ಲ.

ಅವ್ವ ಪೂಜೆ ಬಿಟ್ಟಿಲ್ಲ. ಸೋದರತ್ತೆ ಕಾಶಿಗೆ ಹೋದವರ ಕೈಲಿ ತರಿಸಿ ಕೊಟ್ಟ ಹೊಸ ಗಿಂಡಿ ಈಗ ಜಗುಲಿಯ ಮೇಲಿದೆ. ಅವ್ವ ಆಗಾಗ ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ನೋಡುತ್ತಾಳೆ. ಮೊನ್ನೆ ಹಾಗೆ ಮಾಡುತ್ತ ನನಗೆ ಹೇಳಿದಳು: "ನನ್ನ ಬಾಯಾಗ ಇದನ್ನ ಹಾಕಬೇಕು ನೋಡು. ನೀ ನಂಬು, ಬಿಡು."

"ಹಾಕ್ತೀನವ್ವಾ" ಎಂದೆ. ಅಪ್ಪನಿಗೆ ಕೊಟ್ಟ ಮಾತಿಗಾಗಿ ಮಂಚಕ್ಕೆ ಅಡ್ಡ ನಿಂತವಳು, ಅವ್ವನ ಮಾತಿಗೂ ನಿಲ್ಲುತ್ತೇನೆ. ಅದಕ್ಕೆ ನಂಬಿಕೆಯ ಅಗತ್ಯ ನನಗಿಲ್ಲ.

"ಇದೂ ಖಾಲಿ ಆಗಿದ್ರ?"

"ನಳದ ನೀರು ಹಾಕ್ತೀನಿ, ತಗೋ."

ಅವ್ವ ಬೈಯುತ್ತಾಳೆ ಎಂದುಕೊಂಡೆ. ಅವಳು ಗಿಂಡಿಯನ್ನು ಅದರ ಜಾಗದಲ್ಲಿಟ್ಟು, ಅದರ ಹೊಟ್ಟೆಗೆ ಕುಂಕುಮ ಹಚ್ಚಿದಳು.

"ನಳದ ನೀರು ಯಾಕ? ಚಹಾ ಹಾಕು" ಎಂದಳು. "ಸಕ್ರಿ ಕಮ್ಮಿ ಮಾಡಬ್ಯಾಡ."